ಗ್ರಿಲ್ಲಿನಾಚೆಯ ಸ್ಕಾಟ್ಲೆಂಡು

ನಮ್ಮ ಕಾರಿಡಾರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನನಗೆ ಅವರು ಅಂಕಲ್, ಎದುರು ಮನೆಯ ತಮಿಳು ಹೆಂಗಸಿಗೆ ಅಣ್ಣೆ, ಕೆಳಗೆ ಗೇಟಿನಲ್ಲಿ ಕೂರುವ ಗಾರ್ಡಿಗೆ ಬಾಸ್. ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ. ಎಲ್ಲಾದರೂ ತಮ್ಮ ಹೆಸರು ಬರೆಯಬೇಕಾಗಿ ಬಂದರೆ "ಅದು ಬೇಡ ಮಾರಾಯ್ತಿ, ಮುಂದೆ ಬರಿ" ಎಂದುಬಿಡುವ ಮನುಷ್ಯ.

ಮಲೇಶಿಯಾದ ಗಡಿ ತೆರೆಯಲು ಇನ್ನೊಂದು ತಿಂಗಳಿದೆ ಎನ್ನುವಾಗ ಅವರು ತೀರಿಕೊಂಡರು. ಮಂಗಳೂರಿನಿಂದ ಯಾರಿಗೂ ಬರಲಾಗಲಿಲ್ಲ. ಮಣ್ಣು ಕೊಡಲು ಹೋದವರು ಬೆರಳೆಣಿಕೆಯ ಮಂದಿ, ಅವರಲ್ಲಿ ನಾನೊಬ್ಬಳು. ವಾರದ ನಂತರ ಇಗರ್ಜಿಯವರು ಮನೆ ಖಾಲಿ ಮಾಡುವಾಗ ಒಂದು ಶೂ ಡಬ್ಬವನ್ನು ತಂದು ನನ್ನ ಕೈಗಿಟ್ಟರು. ಅದರಲ್ಲಿರುವುದೆಲ್ಲ ನಿಮ್ಮ ಲಿಪಿ, ನಮಗ್ಯಾರಿಗೂ ಓದಲು ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದರು. ಡಬ್ಬದೊಳಗೆ ಇದ್ದದ್ದು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟ ಒಂದು ಸ್ಕಾಟಿಷ್ ಮನೆತನ.

ಅವರ ಮೊದಲ ಪರಿಚಯವಾದದ್ದು ನನ್ನ ಮಾನ ಹೋದದ್ದರಿಂದ. ಕೊರೋನಾ ಬಂದ ವರ್ಷದ ಮಾರ್ಚಿನಲ್ಲಿ ಎಂಸಿಒ ಎಂಬ ಸಂಚಾರ ನಿರ್ಬಂಧ ಹೇರಿ ದೇಶವೇ ಬಾಗಿಲು ಹಾಕಿಕೊಂಡಾಗ ನಾನು ಕ್ಲಾಂಗಿನ ಈ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಒಬ್ಬಳೇ ಸಿಕ್ಕಿಕೊಂಡೆ. ಬಂದರಿನ ಹತ್ತಿರದ ಒಂದು ಸರಕು ಸಾಗಣೆ ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಗಂಡ ಬೇರೆ ರಾಜ್ಯದಲ್ಲಿರುವ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ವಾರಕ್ಕೊಮ್ಮೆ ಬಂದುಹೋಗುತ್ತಿದ್ದವನು ರಾಜ್ಯದ ಗಡಿ ದಾಟುವಂತಿಲ್ಲ ಎಂದಾದ ಮೇಲೆ ಫೋನಿನೊಳಗೆ ಸೇರಿಕೊಂಡ. ಮನೆಯೊಳಗೆ ಸಿಗ್ನಲ್ ಸಾಲದು, ಹಾಗಾಗಿ ದಿನಾ ಕಾರಿಡಾರಿನಲ್ಲಿ ನಿಂತು ಮೈಸೂರಿನಲ್ಲಿರುವ ಅಮ್ಮನ ಜೊತೆ ಮಾತಾಡುತ್ತಿದ್ದೆ. ಇಲ್ಲಿ ನನ್ನ ಭಾಷೆ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ದನಿಯೂ ದೊಡ್ಡದೇ.

"ಪಕ್ಕದ ಮನೇಲಿ ಒಬ್ಬ ಮುದುಕ ಇದಾನಮ್ಮ" ಎಂದೆ ಒಂದು ದಿನ. "ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಶೂ ಹಾಕ್ಕೊಂಡು ಟಕಟಕ ಅಂತ ಶುರು ಮಾಡ್ತಾನೆ. ಹೊರಗಡೆ ಕಾಲಿಡೋ ಹಾಗಿಲ್ಲ, ಮನೇಲಿ ಶೂ ಯಾಕೋ ಗೊತ್ತಿಲ್ಲ."

ಪಕ್ಕದ ಮನೆಯ ಕಬ್ಬಿಣದ ಗ್ರಿಲ್ಲಿನ ಹಿಂದಿನಿಂದ ನಿಧಾನವಾದ ದನಿಯೊಂದು ಬಂತು. "ಆಫೀಸಿಗೆ ಶೂ ಹಾಕದೆ ಹೋಗ್ಲಿಕ್ಕೆ ಆಗ್ತದಾ?"

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಗ್ರಿಲ್ಲಿನ ಹತ್ತಿರ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಿವಿಯ ಮೇಲೆ ಪೆನ್ಸಿಲ್ಲು, ಕೆಳಗೆ ಮಿರಮಿರ ಹೊಳೆಯುವ ಕರಿ ಶೂ. "ಮೈಸೂರಿನವರಾ? ಮಾತು ಕೇಳಿದ್ರೆ ಗೊತ್ತಾಗ್ತದೆ. ನಾನು ಮಂಗ್ಳೂರು. ಮುದುಕ ಹೌದು, ಅದ್ರಲ್ಲಿ ತಪ್ಪೇನಿಲ್ಲ" ಎಂದರು. ಅದಾದ ಮೇಲೆ ಒಂದು ತಿಂಗಳು ಅಮ್ಮನ ಜೊತೆ ಪಿಸುಗುಟ್ಟಿದೆ.

ಅವರು ಎಪ್ಪತ್ತರ ದಶಕದ ಮೊದಲಿಗೆ, ಕ್ಲಾಂಗ್ ಬಂದರಿಗೆ ಇನ್ನೂ ಹಳೆಯ ಇಂಗ್ಲಿಷ್ ಹೆಸರಿದ್ದಾಗ, ಹಡಗು ಕಂಪನಿಯೊಂದರ ಕಾಗದಪತ್ರದ ಗುಮಾಸ್ತರಾಗಿ ಬಂದವರು. ಹಡಗಿನಲ್ಲಿ ಬಂದ ಪೆಟ್ಟಿಗೆಗಳ ಪಟ್ಟಿಗೆ ಮ್ಯಾನಿಫೆಸ್ಟ್ ಎನ್ನುತ್ತಾರೆ. ಪಟ್ಟಿಯಲ್ಲಿರುವುದೂ ದಕ್ಕೆಯಲ್ಲಿ ಇಳಿದದ್ದೂ ಒಂದೇ ಹೌದೋ ಅಲ್ಲವೋ ಎಂದು ನೋಡುವುದೇ ಅವರ ಮೂವತ್ತೈದು ವರ್ಷದ ಕೆಲಸ. ನಿವೃತ್ತರಾದ ಮೇಲೂ ಅದು ಅವರನ್ನು ಬಿಡಲಿಲ್ಲ. ಒಂಬತ್ತಕ್ಕೆ ಊಟದ ಮೇಜಿನ ಮುಂದೆ ಕೂರುವುದು, ಒಂದಕ್ಕೆ ಊಟ, ಐದಕ್ಕೆ ಡಬ್ಬ ಮುಚ್ಚುವುದು. ಅರ್ಧ ಹೆಸರು ಬರೆದಿದ್ದರೂ ಐದಾದರೆ ಪೆನ್ಸಿಲ್ ಕೆಳಗೆ. "ಗೇಟ್ ಕ್ಲೋಸ್" ಎನ್ನುತ್ತಿದ್ದರು. ಇನ್ನೊಂದು ಕಾರ್ಡ್ ಮುಗಿಸಿಬಿಡೋಣ ಎಂದು ನಾನು ಗೋಗರೆದರೂ ಒಪ್ಪುತ್ತಿರಲಿಲ್ಲ. "ಅರ್ಜೆಂಟ್ ಎಂತದ್ದು? ಹಡಗು ಈಗ ಬಂದದ್ದಷ್ಟೆ."

ಆ ಮೇಜಿನ ಮೇಲೆ ನಡೆಯುತ್ತಿದ್ದದ್ದು ಅವರ ಹೆಂಡತಿಯ ಮನೆತನದ ಮ್ಯಾನಿಫೆಸ್ಟ್. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್. ಹೆಸರು, ತಂದೆ, ತಾಯಿ, ಹೊರಟದ್ದು ಎಲ್ಲಿಂದ, ಇಳಿದದ್ದು ಎಲ್ಲಿ, ಜೊತೆಗೆ ಯಾರು. ಕೆಳಗೆ ಷರಾ ಎಂದು ಒಂದು ಸಾಲು. ಆ ಮನುಷ್ಯನ ಬಗ್ಗೆ ಎಲ್ಲ ಕಾಗದ ಸಿಕ್ಕಿ, ಮೇಲಿನವರಿಗೂ ಕೆಳಗಿನವರಿಗೂ ಸಂಬಂಧ ಕೂಡಿಬಂದರೆ ಷರಾದ ಮುಂದೆ "ಸುಸ್ಥಿತಿಯಲ್ಲಿ ತಲುಪಿದೆ" ಎಂದು ಬರೆಯುವರು. ಬಂದರಿನ ಕಾಗದದಲ್ಲಿ ಪೆಟ್ಟಿಗೆಗೆ ಬರೆಯುವ ಮಾತು ಅದು. ಬರೆದ ಕಾರ್ಡನ್ನು ಮೇಜಿನ ಅಂಚಿಗೆ ಮೂರು ಸಲ ಬಡಿದು ಡಬ್ಬದಲ್ಲಿ ನಿಲ್ಲಿಸುವರು. ಎರಡು ಸಲವಲ್ಲ, ನಾಲ್ಕು ಸಲವಲ್ಲ.

ಅಬರ್ಡೀನ್ ಎಂಬುದನ್ನು ಕನ್ನಡ ಅಕ್ಷರದಲ್ಲಿ ನೋಡಿ ನನಗೆ ನಗು ಬಂದಿತ್ತು. ಇಂಗ್ಲಿಷಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ "ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಮತ್ತೆ ಬರೆಯುದೇ ಇಲ್ಲ ಅಂದ್ರೆ ಕೈ ಮರೆತುಹೋಗ್ತದೆ ಅಲ್ವಾ" ಎಂದರು. ಊರಿನ ಮನೆಯಲ್ಲಿ ಕೊಂಕಣಿ, ಹೆಂಡತಿಯ ಜೊತೆ ಇಂಗ್ಲಿಷು, ಅಂಗಡಿಯಲ್ಲಿ ತಮಿಳು, ಬಂದರಿನಲ್ಲಿ ಮಲಯ. ಕನ್ನಡಕ್ಕೆ ಎಲ್ಲಿಯೂ ಜಾಗವಿಲ್ಲದೆ ಕೊನೆಗೆ ಸ್ಕಾಟ್ಲೆಂಡಿನವರ ತಲೆಗೆ ಕಟ್ಟಿದ್ದರು.

ನಾನು ಇದರೊಳಗೆ ಬಿದ್ದದ್ದು ಅವರ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಅಷ್ಟರಲ್ಲಿ ಸಾಂಕ್ರಾಮಿಕ ಬಂದು ತುರ್ತಿಲ್ಲದ ಆಪರೇಷನ್ನುಗಳನ್ನೆಲ್ಲ ಆಸ್ಪತ್ರೆಗಳು ಮುಂದೆ ಹಾಕಿದವು. ನಾನು ತಮಿಳರ ಅಂಗಡಿಯಿಂದ ತರಕಾರಿ ತರುವಾಗ ಅವರಿಗೂ ತಂದು ಗ್ರಿಲ್ಲಿಗೆ ಚೀಲ ತಗಲಿಸುತ್ತಿದ್ದೆ. ಅವರು ಕುಂಡದಲ್ಲಿ ಬೆಳೆಸಿದ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿ ಅದೇ ಚೀಲದಲ್ಲಿ ತಗಲಿಸುತ್ತಿದ್ದರು. ಒಂದು ದಿನ ಚೀಲದ ಜೊತೆ ಒಂದು ಕಾಗದವೂ ಇತ್ತು. ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳ್ತೀರಾ ಎಂದರು. ಅಂದಿನಿಂದ ಕೆಲಸ ಮುಗಿಸಿ ನಾಲ್ಕು ಗಂಟೆಗೆ ನಾನು ಗ್ರಿಲ್ಲಿನ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವರು ಆಚೆ ಮೇಜಿನ ಮುಂದೆ. ನಾನು ಓದುವುದು, ಅವರು ಬರೆಯುವುದು. ಬರೆಯಲು ಅವರಿಗೆ ಕಣ್ಣು ಬೇಕಾಗಿರಲಿಲ್ಲ, ಕೈಯೇ ಸಾಕಿತ್ತು.

ಹೆಂಡತಿಯನ್ನು ನಾನು ಗೋಡೆಯ ಮೇಲಿನ ಫೋಟೊದಲ್ಲಿ ಮಾತ್ರ ನೋಡಿದ್ದೇನೆ. ಎಣ್ಣೆಗಪ್ಪು ಬಣ್ಣ, ಬೂದು ಕಣ್ಣು, ಸೀರೆ. ಅವರು ಹೋಗಿ ಆಗ ಎರಡು ವರ್ಷ ಆಗಿತ್ತು. ಮಕ್ಕಳಿರಲಿಲ್ಲ. ಕೌಲಾಲಂಪುರದಿಂದ ಕ್ಲಾಂಗಿಗೆ ರೈಲುಹಳಿ ಹಾಕಿದ ಕಾಲದಲ್ಲಿ ಸ್ಕಾಟ್ಲೆಂಡಿನಿಂದ ಇಂಜಿನ್ ಫಿಟ್ಟರೊಬ್ಬ ಹೆಂಡತಿಯೊಡನೆ ಬಂದ. ಅವನ ಮಕ್ಕಳಲ್ಲಿ ಅಲೆಕ್ಸಾಂಡರ್ ಎನ್ನುವವನು ರಬ್ಬರ್ ತೋಟದಲ್ಲಿ ಮೇಲ್ವಿಚಾರಕನಾಗಿ, ತಮಿಳು ಹೆಣ್ಣನ್ನು ಮದುವೆಯಾಗಿ ಇಲ್ಲೇ ಉಳಿದ. ಆ ಅಲೆಕ್ಸಾಂಡರನ ಮೊಮ್ಮಗಳು ತಾನು ಎಂದು ಆಕೆ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಆದರೆ ತಮಿಳು ಮುಖದ ಮೇಲೆ ಸ್ಕಾಟಿಷ್ ಮನೆತನದ ಹೆಸರು ಹೊತ್ತು ಶಾಲೆಗೆ ಹೋದ ಹುಡುಗಿಯನ್ನು ಜೊತೆಯವರು ಬಿಟ್ಟಾರೆಯೇ? ಈ ಹೆಸರು ಯಾರಿಂದ ಕದ್ದದ್ದು ಎಂದು ಕೇಳುತ್ತಿದ್ದರಂತೆ.

ಇಪ್ಪತ್ತು ವರ್ಷದ ಹಿಂದೆ ಆಕೆ ವಿಳಾಸ ಹುಡುಕಿ ಸ್ಕಾಟ್ಲೆಂಡಿಗೆ ಪತ್ರ ಬರೆದರು. ಅಲ್ಲಿ ಆ ಮನೆತನದ ವಂಶವೃಕ್ಷ ಇಟ್ಟುಕೊಂಡಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಬಹಳ ಸಭ್ಯವಾದ ಉತ್ತರ ಬಂತು. ನಮ್ಮ ಮನೆತನದ ಪಟ್ಟಿಯಲ್ಲಿ ಫಿಟ್ಟರನ ಮಕ್ಕಳಲ್ಲಿ ಅಲೆಕ್ಸಾಂಡರ್ ಇರುವುದು ಒಬ್ಬನೇ, ಅವನು ಕ್ಲಾಂಗಿನಲ್ಲಿ ಎರಡು ವರ್ಷದ ಮಗುವಾಗಿರುವಾಗಲೇ ತೀರಿಕೊಂಡ, ಹಾಗಾಗಿ ಅವನು ನಿಮ್ಮ ಅಜ್ಜನಾಗಿರಲು ಸಾಧ್ಯವಿಲ್ಲ. ಆ ಕಾಲದಲ್ಲಿ ಕೆಲವು ಆಳುಗಳು ಧಣಿಯ ಹೆಸರನ್ನು ಇಟ್ಟುಕೊಳ್ಳುವುದಿತ್ತು. ವಿಷಾದಗಳೊಂದಿಗೆ.

ಆಕೆ ಆ ಪತ್ರವನ್ನು ಬಿಸ್ಕತ್ತಿನ ಡಬ್ಬದಲ್ಲಿ ಹೊಲಿಗೆ ದಾರದ ಕೆಳಗೆ ಇಟ್ಟಿದ್ದರು. ಗಂಡನಿಗೆ ತೋರಿಸಿರಲಿಲ್ಲ. ಆಕೆ ಹೋದ ಮೇಲೆ ಗುಂಡಿ ಹಾಕಿಕೊಳ್ಳಲೆಂದು ದಾರ ಹುಡುಕಿದ ದಿನ ಇವರಿಗೆ ಅದು ಸಿಕ್ಕಿತು.

"ಹದಿನೆಂಟು ವರ್ಷ ನನ್ನ ಹತ್ರ ಹೇಳ್ಲೇ ಇಲ್ಲ" ಎಂದರು ನನಗೆ. "ನಾಚಿಕೆ ಆಗಿರ್ಬೇಕು. ನನ್ನ ಹೆಂಡತಿಯನ್ನು ಆಳಿನ ಮೊಮ್ಮಗಳು ಅಂದ್ರೆ ನನಗೆ ಬೇಜಾರಿಲ್ಲ, ನನ್ನ ಅಜ್ಜನೂ ಇನ್ನೊಬ್ಬರ ಗದ್ದೆಯಲ್ಲಿ ಆಳೇ. ಆದ್ರೆ ಅವಳನ್ನು ಸುಳ್ಳು ಹೇಳುವವಳು ಅಂದ ಹಾಗೆ ಆಯ್ತಲ್ಲ. ಅದು ಆಗ್ಲಿಕ್ಕಿಲ್ಲ."

ಡಬ್ಬದಲ್ಲಿ ಎಲ್ಲರ ಷರಾ ತುಂಬುತ್ತ ಬಂದಿತ್ತು, ಆಕೆಯದೊಂದು ಮಾತ್ರ ಖಾಲಿ. ಅಜ್ಜನಿಗೂ ಫಿಟ್ಟರನಿಗೂ ನಡುವಿನ ಗೆರೆ ಸಿಗುತ್ತಿರಲಿಲ್ಲ. ಅಲೆಕ್ಸಾಂಡರನ ಮದುವೆಯ ದಾಖಲೆ ಮಹಾಯುದ್ಧದಲ್ಲಿ ಜಪಾನಿನವರು ಊರು ಹಿಡಿದಿದ್ದ ಕಾಲದಲ್ಲಿ ಕಳೆದುಹೋಗಿತ್ತು. ಆ ಶಿಕ್ಷಕಿಗೂ ಈಗ ತೊಂಬತ್ತರ ಹತ್ತಿರ. ಅವರು ಇದ್ದಾಗಲೇ ಆಗಬೇಕು, ಇಲ್ಲವಾದರೆ ಆ ಪಟ್ಟಿಯನ್ನು ತಿದ್ದುವವರು ಯಾರೂ ಇರುವುದಿಲ್ಲ ಎಂಬುದೊಂದೇ ಇವರಿಗೆ ಇದ್ದ ಅವಸರ.

ಇಷ್ಟೆಲ್ಲ ಹೇಳಿ ಅವರು ಸದಾ ಗಂಭೀರವಾಗಿ ಕೂತಿರುತ್ತಿದ್ದರು ಎಂದುಕೊಳ್ಳಬೇಡಿ. ಭಾನುವಾರ ಇಗರ್ಜಿಯ ಆನ್‌ಲೈನ್ ಪೂಜೆ. ಇವರು ಗಾಯಕ ತಂಡದ ಹಳೆಯ ಸದಸ್ಯರು. ಫೋನಿನಲ್ಲಿ ದನಿ ಎರಡು ಮಾತ್ರೆ ತಡವಾಗಿ ಹೋಗುತ್ತದೆ ಎಂಬುದು ಗೊತ್ತಿಲ್ಲದೆ ಎದೆ ತುಂಬಿ ಹಾಡುವರು. ಪಾದ್ರಿಗಳು ಆಶೀರ್ವಾದ ಮಾಡಿ ಮುಗಿಸಿದ ಮೇಲೆ ಇವರ ಕೊನೆಯ ಸಾಲು ಎಲ್ಲರ ಮನೆಯಲ್ಲೂ ಮೊಳಗುವುದು. ಮೂರನೇ ಭಾನುವಾರ ತಂಡದ ಒಬ್ಬರು ನನಗೆ ಫೋನ್ ಮಾಡಿ, ಹೇಗಾದರೂ ಅವರ ಮೈಕ್ ಬಂದ್ ಮಾಡಿಕೊಡಮ್ಮ ಎಂದು ಬೇಡಿಕೊಂಡರು. ಮಾಡಿದೆ. ಅವರಿಗೆ ಕೊನೆಯವರೆಗೂ ನಾನು ಹೇಳಲಿಲ್ಲ. ಮರುವಾರ "ಈಗ ಸರಿಯಾಗಿ ಕೇಳ್ತದೆ ನೋಡಿ, ಎಲ್ಲರೂ ನನ್ನ ತಾಳಕ್ಕೆ ಬಂದ್ರು" ಎಂದು ಖುಷಿಪಟ್ಟರು.

ಡಬ್ಬದ ಹಿಂಬದಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಕೆಲವು ಕಾರ್ಡುಗಳಿದ್ದವು. ರದ್ದಾದವು. ಒಂದರ ಮೇಲೆ ಅಲೆಕ್ಸಾಂಡರ್ ಎಂದಿದ್ದುದನ್ನು ನೋಡಿ ಕೇಳಿದೆ. ಅವರ ಮುಖದಲ್ಲಿ ಹೆಮ್ಮೆ ಮೂಡಿತು. ಲಾಕ್‌ಡೌನಿಗೆ ಮುಂಚೆ ಹಳೆಯ ಪ್ರಾಟೆಸ್ಟೆಂಟ್ ಇಗರ್ಜಿಯೊಂದರಿಂದ ದೀಕ್ಷಾಸ್ನಾನದ ರಿಜಿಸ್ಟರಿನ ಫೋಟೊಗಳನ್ನು ತರಿಸಿಕೊಂಡಿದ್ದರು. ಅದರಲ್ಲಿ ಅದೇ ತಂದೆ, ಅದೇ ತಾಯಿ, ಅದೇ ಅಲೆಕ್ಸಾಂಡರ್ ಎಂದು ಎರಡು ಕಡೆ ಬರೆದಿತ್ತು, ನಡುವೆ ನಾಲ್ಕು ವರ್ಷದ ಪುಟಗಳು.

"ಡಬಲ್ ಎಂಟ್ರಿ" ಎಂದರು. "ಹಳೆ ಪುಟ ಒದ್ದೆಯಾಗಿರ್ಬೇಕು, ಗುಮಾಸ್ತ ಪುನಃ ಕಾಪಿ ಮಾಡಿದ್ದಾನೆ. ಒಂದೇ ನಂಬರಿನ ಪೆಟ್ಟಿಗೆ ಎರಡು ಸಲ ಬಂದ್ರೆ ಒಂದನ್ನು ಹೊಡೆದು ಹಾಕ್ಬೇಕು. ಇಂಥದ್ದು ನಾನೆಷ್ಟು ಹಿಡಿದಿದ್ದೇನೆ ಗೊತ್ತುಂಟಾ?"

ನಾನೂ ತಲೆಯಾಡಿಸಿದೆ. ನನ್ನ ಸಾಫ್ಟ್‌ವೇರೂ ಅದನ್ನೇ ಮಾಡುತ್ತದೆ. ಒಂದೇ ನಂಬರ್ ಎರಡು ಸಲ ಕಂಡರೆ ಎರಡನೆಯದಕ್ಕೆ ಕೆಂಪು ಬಣ್ಣ.

ಅಪ್ಪನ ತಿಥಿ ಬಂತು. ಮೈಸೂರಿನಲ್ಲಿ ಪುರೋಹಿತರು ಮನೆಗೆ ಬರುವಂತಿರಲಿಲ್ಲ. ಅವರು ವಿಡಿಯೊದಲ್ಲಿ ಮಂತ್ರ ಹೇಳಿದರು, ಅಣ್ಣ ಫೋನನ್ನು ತಂಬಿಗೆಗೆ ಒರಗಿಸಿಟ್ಟುಕೊಂಡು ಎಳ್ಳುನೀರು ಬಿಟ್ಟ. ಆವತ್ತು ಮಧ್ಯಾಹ್ನ ಅಮ್ಮ ಫೋನಿನಲ್ಲಿ ಪೂರ್ತಿ ವರದಿ ಒಪ್ಪಿಸಿದಳು.

"ಮೂರು ತಲೆಮಾರಿನ ಹೆಸರು ಹೇಳಿ ಅಂದ್ರೆ ನಿಮ್ಮಣ್ಣ ಹೇಳಿದ. ಪುರೋಹಿತರು ಹೊಸಬ್ರು, ಮೊದಲ್ನೇದೂ ಮೂರನೇದೂ ಒಂದೇ ಹೇಳ್ತಿದೀರ, ತಪ್ಪಾಯ್ತೇನೋ ನೋಡಿ ಅಂತಾರೆ. ನಾನೇ ಹೇಳ್ದೆ, ತಪ್ಪೇನಿಲ್ಲ ಸ್ವಾಮಿ, ನಮ್ಮೆಜಮಾನ್ರಿಗೆ ಅವರ ತಾತನ ಹೆಸರೇ ಅಂತ. ಅಷ್ಟೇ ಯಾಕೆ, ಇವರಿಗಿಂತ ಮುಂಚೆ ಹುಟ್ಟಿದ ಮಗೂಗೂ ಅದೇ ಹೆಸರಿಟ್ಟಿದ್ರಂತೆ. ಅದು ವರ್ಷ ತುಂಬೋದ್ರೊಳಗೆ ಹೋಯ್ತು. ಇವರು ಹುಟ್ಟಿದ ಮೇಲೆ ಮತ್ತೆ ಅದನ್ನೇ ಇಟ್ರು."

"ಸತ್ತ ಮಗೂದು ಹೆಸರನ್ನ ಮತ್ತೆ ಇಟ್ರಾ?"

"ಮಗೂದ್ಯಾಕಾಗುತ್ತೆ? ತಾತನ ಹೆಸರು. ಅದನ್ನ ಹಂಗೇ ಬಿಟ್ಟುಬಿಡೋಕಾಗುತ್ತೇನೇ?"

ಅಮ್ಮ ಪಾಯಸದ ವಿಷಯಕ್ಕೆ ಹೋದಳು. ನಾನು ಕೇಳಿಸಿಕೊಳ್ಳಲಿಲ್ಲ. ಫಿಟ್ಟರನ ತಂದೆಯ ಕಾರ್ಡನ್ನು ನಾನೇ ಓದಿ ಬರೆಸಿದ್ದೆ. ಅವನ ಹೆಸರೂ ಅಲೆಕ್ಸಾಂಡರ್. ಸ್ಕಾಟ್ಲೆಂಡಿನವರು ಮೊದಲ ಮಗನಿಗೆ ಅಜ್ಜನ ಹೆಸರು ಇಡುತ್ತಾರೆ ಎಂದು ಅಂಕಲ್ ಹೇಳಿದ್ದಾಗ "ನಮ್ಮ ಹಾಗೇ" ಎಂದು ನಾನು ನಕ್ಕಿದ್ದೂ ನೆನಪಾಯಿತು. ಅಮ್ಮನಿಗೆ ಆಮೇಲೆ ಮಾಡುತ್ತೇನೆ ಎಂದು ಹೇಳಿ ಪಕ್ಕದ ಗ್ರಿಲ್ ಬಡಿದೆ.

ಎರಡನೆಯವನು ನಕಲಲ್ಲ, ಆಮೇಲೆ ಹುಟ್ಟಿದ ತಮ್ಮನಿರಬೇಕು ಎಂದರೆ ಅವರು ನಂಬಲಿಲ್ಲ. ಸಿಟ್ಟೂ ಬಂತು. "ತೀರಿಹೋದ ಮಗುವಿನ ಹೆಸರು ಇಡುದುಂಟಾ? ನನ್ನ ಅಮ್ಮ ಕೇಳಿದ್ರೆ ಪೊರಕೆ ತಗೊಳ್ತಿದ್ರು. ನನಗಿಂತ ಮೊದಲು ಒಬ್ಬ ಹುಟ್ಟಿ ಹೋಗಿದ್ದ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಬಾಯಿಗೆ ತರ್ಲಿಕ್ಕೂ ಇಲ್ಲ. ಇಟ್ರೆ ಇವನೂ ಹೋಗ್ತಾನೆ ಅಂತ."

"ನಮ್ಮಪ್ಪ ಎಪ್ಪತ್ತೊಂಬತ್ತು ವರ್ಷ ಇದ್ರು ಅಂಕಲ್" ಎಂದೆ.

ಅವರು ಎದ್ದು ಕಪಾಟಿನಿಂದ ಪೆನ್‌ಡ್ರೈವ್ ತೆಗೆದು ಗ್ರಿಲ್ಲಿನ ಸಂದಿಯಿಂದ ಕೊಟ್ಟರು. "ಆ ಫೋಟೊ ತೆಗಿ. ಎರಡನೇದ್ದರಲ್ಲಿ ಹುಟ್ಟಿದ ದಿನ ಹಾಕಿದ್ದಾರಾ ನೋಡು."

ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಅಂದು ನೀನು ಎಂದದ್ದು ನನಗೆ ಆಮೇಲೆ ಹೊಳೆಯಿತು. ಲ್ಯಾಪ್‌ಟಾಪಿನಲ್ಲಿ ಫೋಟೊ ದೊಡ್ಡದು ಮಾಡಿದೆ. ಮಸುಕು ಶಾಯಿ, ಅಂಚಿಗೆ ಹುಳು ತಿಂದಿತ್ತು. ಆದರೆ ಹುಟ್ಟಿದ ದಿನದ ಅಂಕಣ ಉಳಿದಿತ್ತು. ಮೊದಲನೇ ಅಲೆಕ್ಸಾಂಡರನನ್ನು ಹೂಳಿ ಎರಡು ವರ್ಷವಾಗುತ್ತ ಬಂದಾಗ ಎರಡನೇ ಅಲೆಕ್ಸಾಂಡರ್ ಹುಟ್ಟಿದ್ದ. ದಿನ, ತಿಂಗಳು, ವರ್ಷ ಮೂರನ್ನೂ ಎರಡು ಸಲ ಓದಿ ಹೇಳಿದೆ. ಅವರ ಹೆಂಡತಿಯ ಅಪ್ಪ ತನ್ನ ತಂದೆಯ ಹುಟ್ಟುಹಬ್ಬವೆಂದು ಪ್ರಾರ್ಥನಾ ಪುಸ್ತಕದಲ್ಲಿ ಬರೆದಿಟ್ಟಿದ್ದ ದಿನವೂ ಅದೇ.

"ಪೇಪರ್ ಸರಿ ಉಂಟು" ಎಂದರು ಮೆಲ್ಲಗೆ. "ಓದಿದವ ನಾನು ತಪ್ಪು. ಅವಳ ಅಜ್ಜನನ್ನು ನಾನೇ ಹೊಡೆದು ಹಾಕಿದೆ."

ರಬ್ಬರ್ ಬ್ಯಾಂಡ್ ಬಿಚ್ಚಿ ಕಾರ್ಡ್ ತೆಗೆದರು. ಅದರ ಮೇಲೆ ಅಡ್ಡಕ್ಕೆ ಎಳೆದಿದ್ದ ಪೆನ್ಸಿಲ್ ಗೆರೆಯನ್ನು ಅಳಿಸತೊಡಗಿದರು. ಕಣ್ಣು ಕಾಣದೆ ಗೆರೆಯ ಆಚೆ ಈಚೆಯೆಲ್ಲ ಉಜ್ಜುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು. ಒಂದು ಮೀಟರ್ ದೂರ ಇರಬೇಕು ಎಂಬ ಕಾನೂನು, ನಡುವೆ ಕಬ್ಬಿಣದ ಸರಳು. ಇಲ್ಲವಾಗಿದ್ದರೆ ಎದ್ದು ಹೋಗಿ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಹಿಡಿದುಕೊಳ್ಳಬೇಕೆಂದು ಬಹಳ ಅನ್ನಿಸಿತು.

ಸ್ಕಾಟ್ಲೆಂಡಿಗೆ ಪತ್ರ ಬರೆಯುವಾಗ ನಮ್ಮಿಬ್ಬರಿಗೂ ಜಟಾಪಟಿಯಾಯಿತು. ಧಣಿಯ ಹೆಸರಿನ ಆ ಸಾಲಿಗೆ ಸರಿಯಾದ ಉತ್ತರ ಕೊಡಬೇಕೆಂದು ನನ್ನ ಕೈ ತುರಿಸುತ್ತಿತ್ತು. ಚೆನ್ನಾಗಿ ಖಾರ ಹಾಕಿ ಒಂದು ಪ್ಯಾರಾ ಬರೆದೂ ಬಿಟ್ಟೆ. ಓದಿಸಿ ಕೇಳಿಕೊಂಡು "ಇಂಗ್ಲಿಷ್ ಲಾಯ್ಕ ಉಂಟು. ತೆಗಿ ಅದನ್ನು" ಎಂದರು. "ಪೆಟ್ಟಿಗೆ ಕಾಣೆ ಆದಾಗ ಬರೆಯುವ ಕಾಗದದಲ್ಲಿ ಸಿಟ್ಟು ಇರ್ಬಾರ್ದು. ಸಿಟ್ಟು ಬಂದ್ರೆ ಆಚೆಯವರು ಪೆಟ್ಟಿಗೆ ಹುಡುಕುದಿಲ್ಲ, ಅವರೂ ಸಿಟ್ಟು ಮಾಡ್ತಾರೆ." ಅದರ ಬದಲು ಒಂದು ಸಾಲು ಸೇರಿಸಲು ಹೇಳಿದರು. ನಾನೂ ಇದೇ ತಪ್ಪು ಮಾಡಿದ್ದೆ, ಎರಡನೇ ಹುಡುಗನನ್ನು ನಕಲು ಎಂದು ತಿಳಿದು ಹೊಡೆದು ಹಾಕಿದ್ದೆ, ದಯವಿಟ್ಟು ಹುಟ್ಟು ಸಾವು ಬರೆದಿಡುವ ನಿಮ್ಮ ಮನೆತನದ ಬೈಬಲ್ಲಿನ ಮೂಲ ಪುಟವನ್ನು ಇನ್ನೊಮ್ಮೆ ನೋಡುವಿರಾ. ಕೆಳಗೆ ಸಹಿಯ ಜಾಗದಲ್ಲಿ ತಮ್ಮ ಹೆಸರಿಲ್ಲ, "ಆಕೆಯ ಪತಿ" ಎಂದಷ್ಟೇ.

ಎರಡು ತಿಂಗಳಾದರೂ ಸುದ್ದಿಯಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಮೇಲ್ ನೋಡುತ್ತಿದ್ದೆ. ಅವರು ಒಂದು ಸಲವೂ ಕೇಳಲಿಲ್ಲ, ಆದರೆ ನಾನು ಕುರ್ಚಿ ಎಳೆದ ಸದ್ದಾದರೆ ಕಿವಿಯಿಂದ ಪೆನ್ಸಿಲ್ ತೆಗೆದು ಹಿಡಿದುಕೊಳ್ಳುತ್ತಿದ್ದರು. ಆ ವಯಸ್ಸಿನಲ್ಲಿ ಶಿಕ್ಷಕಿಗೆ ಏನಾದರೂ ಆಗಿದ್ದರೆ ಎಂದು ನನಗೆ ಭಯ. ಅವರಿಗೂ ಇದ್ದಿರಬೇಕು. ಊಟದ ಮೊದಲಿನ ಪ್ರಾರ್ಥನೆಯಲ್ಲಿ ಆಕೆಯ ಹೆಸರು ಸೇರಿಕೊಂಡದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಕೊನೆಗೆ ಉತ್ತರ ಬಂತು. ಮಾಮಾಕ್ ಚಹಾದಂಗಡಿಯಿಂದ ಇಬ್ಬರಿಗೂ ತೇ ತಾರಿಕ್ ಎಂಬ ನೊರೆ ಚಹಾ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಿದ್ದೆ, ಚಹಾದ ಪ್ಲಾಸ್ಟಿಕ್ ಚೀಲವನ್ನು ಗ್ರಿಲ್ಲಿಗೆ ತಗಲಿಸಿ ನಿಂತಲ್ಲೇ ಓದಿದೆ. ತಡವಾದದ್ದಕ್ಕೆ ಕ್ಷಮಿಸಿ, ಬೈಬಲ್ ಇದ್ದದ್ದು ನನ್ನ ತಮ್ಮನ ಮನೆಯಲ್ಲಿ, ಇಲ್ಲಿಯೂ ಯಾರೂ ಮನೆಯಿಂದ ಹೊರಡುವಂತಿರಲಿಲ್ಲ ಎಂದು ಶಿಕ್ಷಕಿ ಬರೆದಿದ್ದರು. ಪುಟದಲ್ಲಿ ಅಲೆಕ್ಸಾಂಡರ್ ಎರಡು ಸಲ ಇದೆ. ನಮ್ಮ ಅತ್ತೆಯೊಬ್ಬರು ಪಟ್ಟಿ ನಕಲು ಮಾಡುವಾಗ ಎರಡನೆಯದನ್ನು ಕೈತಪ್ಪು ಎಂದುಕೊಂಡು ಬಿಟ್ಟಿದ್ದಾರೆ. ನಾನು ಅರವತ್ತು ವರ್ಷ ಆ ನಕಲನ್ನೇ ನೋಡಿದೆ, ಮೂಲವನ್ನು ತೆರೆಯಲಿಲ್ಲ. ನಾನು ಹುಟ್ಟುವ ಮುಂಚೆ ತೀರಿಕೊಂಡ ಅಕ್ಕನ ಹೆಸರೇ ನನ್ನ ಹೆಸರು. ನನಗಾದರೂ ಹೊಳೆಯಬೇಕಿತ್ತು. ನಿಮ್ಮ ಪತ್ನಿಗೆ ನಾನು ಬರೆದ ಕೊನೆಯ ಸಾಲಿಗಾಗಿ ನಾಚುತ್ತೇನೆ. ಆಕೆ ನಮ್ಮವಳು.

"ಕೊನೆದ್ದು ಇನ್ನೊಮ್ಮೆ ಓದು" ಎಂದರು.

ಓದಿದೆ. ಅವರು ಎದ್ದು ನಿಂತು ಶರ್ಟನ್ನು ಸರಿಯಾಗಿ ಪ್ಯಾಂಟಿನೊಳಗೆ ಸೇರಿಸಿಕೊಂಡರು. ಫೋಟೊದ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಅದು ನನಗಲ್ಲ, ಹಾಗಾಗಿ ನಾನು ಚಹಾ ಕುಡಿದೆ. ಆಮೇಲೆ ಆಕೆಯ ಕಾರ್ಡ್ ತೆಗೆದು ಷರಾದ ಮುಂದೆ ಬರೆದರು. ಸಾಲು ಮೇಲಕ್ಕೆ ಹತ್ತಿ ವಾರೆಯಾಯಿತು. ಮೂರು ಸಲ ಬಡಿದು ಡಬ್ಬದಲ್ಲಿ ನಿಲ್ಲಿಸಿದರು.

ಮರುವರ್ಷ ಎರಡು ಕಣ್ಣಿಗೂ ಆಪರೇಷನ್ ಆಯಿತು. ಕಟ್ಟು ಬಿಚ್ಚಿ ಬಂದವರು ನನ್ನನ್ನು ದಿಟ್ಟಿಸಿ ನೋಡಿ "ದನಿ ಕೇಳಿ ನೀನು ದಪ್ಪ ಅಂದ್ಕೊಂಡಿದ್ದೆ ಮಾರಾಯ್ತಿ" ಎಂದರು. ಅದೇ ತಿಂಗಳು ಸ್ಕಾಟ್ಲೆಂಡಿನಿಂದ ತಿದ್ದಿದ ವಂಶವೃಕ್ಷದ ದೊಡ್ಡ ಹಾಳೆ ಅಂಚೆಯಲ್ಲಿ ಬಂತು. ಅದನ್ನು ಮೇಜಿನ ತುಂಬ ಹರಡಿ, ಹೊಸ ಕಣ್ಣಿನಿಂದ ಬೆರಳಿಟ್ಟುಕೊಂಡು ಹೆಂಡತಿಯ ಹೆಸರಿನವರೆಗೆ ಬಂದರು. ಅದರ ಕೆಳಗೆ ಹಾಳೆ ಬಿಳಿ. ಅವರು ಹೇಳಿದರು, "ಕೆಳಗೆ ಗೆರೆ ಬೇಡ. ಅವಳಿಗೆ ಮೇಲಕ್ಕೆ ಒಂದು ಗೆರೆ ಬೇಕಿತ್ತು, ಅದು ಬಂತಲ್ಲ."

ಆಕೆಯ ಹೆಸರಿನ ಪಕ್ಕದಲ್ಲಿ ಪತಿಯ ಜಾಗ ಖಾಲಿ ಇತ್ತು. ನಿಮ್ಮ ಹೆಸರು, ತಂದೆತಾಯಿಯ ಹೆಸರು, ಊರು ಕಳಿಸಿಕೊಡಿ ಎಂದು ಶಿಕ್ಷಕಿ ಜೊತೆಯ ಚೀಟಿಯಲ್ಲಿ ಕೇಳಿದ್ದರು. ಈಗಲೇ ಕಳಿಸೋಣ ಎಂದು ನಾನು ಲ್ಯಾಪ್‌ಟಾಪ್ ತೆರೆದೆ. "ನಾನೆಂತ ಸ್ಕಾಟ್ಲೆಂಡಿನವನಾ? ನೋಡುವ ಲಾ, ಆಮೇಲೆ. ಹಡಗು ಈಗ ಬಂದದ್ದಷ್ಟೆ" ಎಂದರು. ನಾನು ಇನ್ನೂ ಮೂರು ಸಲ ಕೇಳಿದೆ. ಮೂರು ಸಲವೂ ಹಡಗು ಆಗಷ್ಟೇ ಬಂದಿತ್ತು. ಫೆಬ್ರವರಿಯ ಒಂದು ಬೆಳಗ್ಗೆ ಒಂಬತ್ತಾದರೂ ಶೂ ಸದ್ದು ಕೇಳಲಿಲ್ಲ. ನನಗೆ ಆಗಲೇ ಗೊತ್ತಾಯಿತು.

ಶೂ ಡಬ್ಬ ನನ್ನ ಕೈಗೆ ಬಂದ ದಿನ ಎಲ್ಲ ಕಾರ್ಡುಗಳನ್ನೂ ತೆಗೆದು ನೋಡಿದೆ. ಆ ಮನೆತನಕ್ಕೆ ಮದುವೆಯಾಗಿ ಬಂದ ಗಂಡಂದಿರಿಗೆ, ಹೆಂಡತಿಯರಿಗೆ, ತಮಿಳಿನವಳಿಗೆ, ಎಲ್ಲರಿಗೂ ಕಾರ್ಡ್ ಇತ್ತು. ಅವರದು ಮಾತ್ರ ಇರಲಿಲ್ಲ. ಎರಡು ಸಲ ಹುಡುಕಿದೆ, ರದ್ದಾದ ಕಟ್ಟನ್ನೂ ಬಿಚ್ಚಿದೆ. ಕಂಡವರನ್ನೆಲ್ಲ ಬರೆದುಕೊಂಡ ಮನುಷ್ಯ ತನ್ನನ್ನು ಬಿಟ್ಟುಬಿಟ್ಟಿದ್ದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಒಂದು ಖಾಲಿ ಕಾರ್ಡ್ ತೆಗೆದು ಕೂತೆ. ಹೆಸರಿನ ಮುಂದೆ ಅವರ ಪೂರ್ತಿ ಹೆಸರು ಬರೆದೆ. ತಂದೆ, ತಾಯಿ ಎಂಬಲ್ಲಿ ನಿಲ್ಲಬೇಕಾಯಿತು. ಎರಡು ವರ್ಷ ಪರದೇಶದವರ ಮುತ್ತಜ್ಜಂದಿರ ಹೆಸರನ್ನೆಲ್ಲ ಓದಿ ಹೇಳಿದವಳಿಗೆ ಅವರ ಅಮ್ಮನ ಹೆಸರು ಗೊತ್ತಿರಲಿಲ್ಲ, ಒಂದು ದಿನವೂ ಕೇಳಿರಲಿಲ್ಲ. ಎರಡೂ ಜಾಗವನ್ನು ಖಾಲಿ ಬಿಟ್ಟೆ. ಗಡಿ ತೆರೆದು ಊರಿಗೆ ಹೋದಾಗ ಮಂಗಳೂರಿಗೆ ಹೋಗಿ ಅವರ ಇಗರ್ಜಿಯ ಪುಸ್ತಕ ನೋಡಿ ಬರಬೇಕು. ಹೊರಟದ್ದು ಮಂಗಳೂರು, ಇಳಿದದ್ದು ಕ್ಲಾಂಗ್, ಜೊತೆಗೆ ಆಕೆ. ಷರಾದ ಮುಂದೆ, ಕಾಗದ ಪೂರ್ತಿಯಾಗದೆ ಬರೆಯಬಾರದೆಂಬ ನಿಯಮ ಗೊತ್ತಿದ್ದೂ, ಸುಸ್ಥಿತಿಯಲ್ಲಿ ತಲುಪಿದೆ ಎಂದು ಬರೆದೆ. ಮೂರು ಸಲ ಮೇಜಿಗೆ ಬಡಿದು ಆಕೆಯ ಕಾರ್ಡಿನ ಹಿಂದೆ ನಿಲ್ಲಿಸಿದೆ.

ಗಡಿಯಾರ ನೋಡಿದರೆ ಐದೂಕಾಲು. ಗೇಟ್ ಮುಚ್ಚಿದ ಮೇಲೆ, ಅದೂ ಅರ್ಧ ಕಾಗದದ ಪೆಟ್ಟಿಗೆಯನ್ನು ಒಳಗೆ ಬಿಟ್ಟಿದ್ದಕ್ಕೆ ಅವರು ನನಗೆ ಚೆನ್ನಾಗಿ ಬೈಯುತ್ತಿದ್ದರು.